ಚಂದ್ರನ ಆ ಮಗ್ಗಲದ ತಗ್ಗು

ಪುಣೆ
12 ಆಗಸ್ಟ್ 2025

ಮಾಲಕರು, ಪರಪ್ಪ ಮೆಟಲ್ ಕಾಸ್ಟಿಂಗ್ಸ್, ಗೋಕುಳ ಶಿರಗಾಂವ, ಇವರಿಗೆ

ಕೇದಾರ, ಕಾರಖಾನಿ ಹೆಸರಿಗೆ ಬರದೇನಿ ಅಂತ ಸಿಟ್ಟಾಗಬ್ಯಾಡ. ಗಡಹಿಂಗ್ಲಜ ಮನಿ ವಿಳಾಸಕ್ಕ ಬರದ್ರ ಅವ್ವನ ಕೈಗೆ ಸಿಕ್ಕು, ಅಕ್ಕ-ತಮ್ಮ ಮತ್ತ ಕೂಡಿದ್ರು ಅಂತ ಅಕಿ ತಿಳಕೋತಾಳ. ಇದು ಬರೇ ಕೆಲಸದ ಪತ್ರ. ನನ್ನ ಫೋನ್ ನಿನಗ ಹತ್ತಂಗಿಲ್ಲ, ನಿಂದು ನನಗ ಹತ್ತಂಗಿಲ್ಲ, ಅದಕ್ಕ ಟಪಾಲು.

ನನಗ ಅಲ್ಯುಮಿನಿಯಂದಾಗ ಒಂದ ಎರಕ ಬೇಕಾಗೇತಿ. ಪುಣೆದಾಗ ನಾಕ ಕಡೆ ಕೇಳಿಸಿದೆ, ಒಂದ ಪೀಸಿನ ಆರ್ಡರ್ ಯಾರೂ ಹಿಡಿಯಂಗಿಲ್ಲ. ಪ್ಲಾಸ್ಟಿಕ್ಕಿನ್ಯಾಗ ಮಷೀನ್ ಮ್ಯಾಲೆ ಮಾಡಿಸಿದೆ. ಅದರ ಮೈತುಂಬ ಪದರ ಪದರ ಗೆರಿ ಬರತಾವ. ಖರೆ ಗೆರಿ ಯಾವುದು, ಮಷೀನ್ ಎಳದ ಗೆರಿ ಯಾವುದು ಕೈಗೆ ತಿಳಿಯಂಗಿಲ್ಲ.

ವಸ್ತು ಏನಂದ್ರ ಚಂದ್ರನ ಮ್ಯಾಲಿನ ಒಂದ ತಗ್ಗು. ಪುಸ್ತಕದಾಗ ಕುಳಿ ಅಂತ ಬರೀತಾರ. ಸಂಶೋಧನಾ ಸಂಸ್ಥೆದಾಗ ಇಷ್ಟ ವರ್ಷ ನಾ ಅಭ್ಯಾಸ ಮಾಡಾಕತ್ತಿದ್ದು ಇದನ್ನ. ಚಂದ್ರ ನಮಗ ಯಾವಾಗ್ಲೂ ಒಂದ ಮಗ್ಗಲಾ ತೋರಸ್ತಾನ, ಇದು ಇನ್ನೊಂದ ಮಗ್ಗಲದಾಗ ಐತಿ. ಫೆಬ್ರುವರಿದಾಗ ನಮ್ಮ ಕೆಲಸ ತಪಾಸ ಮಾಡಾಕ ಸಮಿತಿ ಬರತೈತಿ. ಈ ಕೆಲಸ ಇನ್ನ ಮುಂದ ನನ್ನ ಕೈಯಾಗ ಇರಬೇಕೋ ಬ್ಯಾಡೋ ಅವರ ಹೇಳವರು. ಅಷ್ಟರಾಗ ಎರಕ ಬೇಕು.

ಆಗತೈತ್ಯೋ ಇಲ್ಲೋ ಅಷ್ಟ ತಿಳಸು.

ರುತುಜಾ
(ಬರದಾಕಿ: ಶುಭಾಂಗಿ)


ಗೋಕುಳ ಶಿರಗಾಂವ
21 ಆಗಸ್ಟ್ 2025

ರುತುಜಾ ಮೇಡಂ ಅವರಿಗೆ,

ತಮ್ಮ ಪತ್ರ ಮುಟ್ಟಿತು. ಕೆಲಸ ಆಗತೈತಿ. ನಾವು ಪಂಪಿನ ಬಾಡಿ ಎರಿಯವರು, ಯಡ್ರಾವದ ಮಗ್ಗಗಳಿಗೆ ಬಿಡಿಭಾಗ ಎರಿಯವರು. ಚಂದ್ರನ್ನ ಇನ್ನೂ ತನಕ ಎರದಿಲ್ಲ. ಆದ್ರ ಪ್ಯಾಟರ್ನ್, ಅಂದ್ರ ಕಟ್ಟಿಗಿ ಅಚ್ಚು, ಕೊಟ್ರ ಏನ್ ಬೇಕಾದ್ರೂ ಎರೀತೇವಿ.

ತಿಳಸಬೇಕಾದ್ದು: ಎಷ್ಟ ದೊಡ್ಡದು ಬೇಕು. ತಗ್ಗು ಎದ್ದು ಕಾಣೂ ಹಂಗ ಆಳ ಹೆಚ್ಚ ಮಾಡಿ ಕೊಡಬೇಕೋ, ಇದ್ದಷ್ಟ ಕೊಡಬೇಕೋ. ಬಣ್ಣ ಯಾವುದು. ಚಂದ್ರನ ಕಾಣದ ಮಗ್ಗಲದ್ದು ಅಂತೀರಿ, ಅದು ಕತ್ತಲ ಮಗ್ಗಲಾ, ಹಂಗಿದ್ರ ಕಪ್ಪ ಹೊಡಿಬೇಕೇನು.

ಅಕ್ಷರ ನಿಮ್ಮವಲ್ಲ. ಪತ್ರ ಬರಿಯಾಕ ಮಂದಿ ಇಟಗೊಂಡೀರಿ. ಅಷ್ಟ ದೊಡ್ಡವರಾಗಿದ್ದು ಸಂತೋಷ.

ಅವ್ವ ಆರಾಮ ಅದಾಳ. ಕಿವಿ ಅಷ್ಟ ಮಂದ ಆಗ್ಯಾವ. ಈ ಪತ್ರದ ಸುದ್ದಿ ಅಕಿಗೆ ಹೇಳಿಲ್ಲ.

ಕೇದಾರ


ಪುಣೆ
4 ಸೆಪ್ಟೆಂಬರ್ 2025

ಕೇದಾರ,

ಅದು ಕತ್ತಲ ಮಗ್ಗಲಾ ಅಲ್ಲ. ಎಲ್ಲಾರೂ ಹಂಗ ಅಂತಾರ. ಅಲ್ಲೂ ಹದಿನೈದ ದಿನ ಬಿಸಲ ಬೀಳತೈತಿ, ಈ ಮಗ್ಗಲದಷ್ಟ ಬೀಳತೈತಿ. ನಮಗ ಕಾಣಂಗಿಲ್ಲ ಅಷ್ಟ.

ಖರೆ ತಗ್ಗು ಕೊಲ್ಲಾಪುರದಿಂದ ಇಚಲಕರಂಜಿ ತನಕ ಅಗಲ ಐತಿ. ಅದಕ್ಕ ಹೆಸರಿಲ್ಲ, ನಂಬರ್ ಐತಿ. ನನಗ ಅದು ಹಿಟ್ಟ ನಾದೂ ದೊಡ್ಡ ಪರಾತದಷ್ಟ ಬೇಕು, ಎರಡೂ ಕೈ ಚಾಚಿದ್ರ ಈ ಅಂಚು ಆ ಅಂಚು ಸಿಗಬೇಕು. ಒಳಗ ಇಳಿಯೂ ಗೋಡಿ ಬಾವಿ ಪಾವಟಿಗಿ ಹಂಗ ಹಂತ ಹಂತ ಇಳದೈತಿ. ನಟ್ಟನಡುವ ಒಂದ ಗುಡ್ಡ. ಮೂಡಲ ದಿಕ್ಕಿನ ಗೋಡಿ ಒಂದ ಕಡೆ ಕುಸದು, ಮಣ್ಣು ಬಂಡಿ ಎಲ್ಲಾ ತಳಕ್ಕ ಬಂದು ಬಿದ್ದಾವ. ಆ ಕುಸತ ಹಳೇದೋ, ಇತ್ತೀಚಿಂದೋ ಅನ್ನೂದು ನನ್ನ ಕೆಲಸ. ತಳದಾಗ ಸಣ್ಣ ಸಣ್ಣ ತಗ್ಗು ಭಾಳ ಅದಾವ, ಕೆಲವು ಜ್ವಾಳದ ಕಾಳಿನಷ್ಟ ಬರತಾವ. ಅವೆಲ್ಲಾ ಉಳೀಬೇಕು. ಆಳ ಹೆಚ್ಚ ಮಾಡಬ್ಯಾಡ. ಹೆಂಗೈತಿ ಹಂಗ ಇರಲಿ.

ಬಣ್ಣ ಬ್ಯಾಡ. ಬಣ್ಣದ ಉಪಯೋಗ ಇಲ್ಲ. ಇದು ಕೈಲೆ ನೋಡೂ ವಸ್ತು.

ಮಾಹಿತಿ ಎಲ್ಲಾ ಪೆನ್ ಡ್ರೈವಿನ್ಯಾಗ ಹಾಕಿ ಇದರ ಸಂಗಾಟ ಕಳಸೇನಿ. ಅಪ್ಪಾನ ಕಾಲಕ್ಕ ಪ್ಯಾಟರ್ನ್ ಮಾಡತಿದ್ದ ಜಯಪಾಲ ಇನ್ನೂ ಇದ್ರ ಅವಗ ಕೊಡು, ಈಗ ಅವನೂ ಕಂಪ್ಯೂಟರ್ ಮಷೀನ್ ಮ್ಯಾಲೆನ ಕಟ್ಟಿಗಿ ಕಡೀತಿರಬೇಕು.

ಶುಭಾಂಗಿ ನನ್ನ ಆಳು ಅಲ್ಲ. ಗಡಹಿಂಗ್ಲಜ ಆಚೆ ಗಡಿ ಹಳ್ಳ್ಯಾಕಿ, ಇಲ್ಲಿ ನರ್ಸಿಂಗ್ ಕಲಿಯಾಕ ಬಂದಾಳ, ನನ್ನ ಮನ್ಯಾಗ ಇರತಾಳ. ಅವರಪ್ಪ ಮಲ್ಲಾರಿ ಕುರಿ ಕಾಯ್ತಾನ. ಕನ್ನಡ ಸಾಳ್ಯಾಗ ಕಲತಾಕಿ, ಅಕ್ಷರ ನನಕಿಂತ ಚಲೋ.

ನಿನ್ನ ಮಗಳು, ಮಗ ಹೆಂಗದಾರ? ಸಾಳ್ಯಾಗ ಹಲಗಿ ಮ್ಯಾಲಿಂದು ಬರೋಬ್ಬರಿ ಓದತಾರೇನು? ಸಂಜಿಮುಂದ ಆಟ ಆಡಿ ಬರೂವಾಗ ಎಡವತಾರೇನು?

ರುತುಜಾ
(ಬರದಾಕಿ: ಶುಭಾಂಗಿ)


ಗೋಕುಳ ಶಿರಗಾಂವ
29 ಅಕ್ಟೋಬರ್ 2025

ರುತುಜಾ,

ದೀಪಾವಳಿ ಸೂಟಿ ನಡುವ ಬಂತು, ಅದಕ್ಕ ತಡ ಆತು. ಮಾಲ ನಿನ್ನೆ ನಿನ್ನ ಆಫೀಸಿಗೆ ಟ್ರಾನ್ಸ್‌ಪೋರ್ಟಿಗೆ ಹಾಕೇವಿ.

ಮದಲ ಎರದ ಪೀಸ್ ಹಾಳಾತು. ಅದನ್ನ ಬರದ ತೀರಬೇಕು. ನಮ್ಮಲ್ಲಿ ವಿಕಾಸ ಅಂತ ಒಬ್ಬ ಅದಾನ, ಎರಕದ ಮೈ ತಿಕ್ಕಿ ಸಾಪ ಮಾಡೂದು ಅವನ ಕೆಲಸ. ಎರಕದಾಗ ಗಾಳಿ ಸಿಕ್ಕು ಭೋಕು, ಅಂದ್ರ ತೂತು, ಬಿದ್ರ ಲಾಂಬಿ ಪುಟ್ಟಿ ತುಂಬಿ ಸಪಾಟ ಮಾಡಬೇಕು. ನಾ ಯಡ್ರಾವಕ್ಕ ಮಾಲ ಕೊಡಾಕ ಹೋಗಿದ್ದೆ. ಹೊಳ್ಳಿ ಬಂದ್ರ ಆಂವ ಬೆವರ ಒರಸ್ಕೋತ ಕುಂತಾನ.

"ಮಾಲಕ, ಭಾಳ ಖರಾಬ ಪೀಸ್ ಇತ್ರಿ. ಸಗಳೀ ಭೋಕಂ ಬುಜವಲೀ," ಅಂದ.

"ಎಲ್ಲಾ ತುಂಬಿದಿ?"

"ಒಂದೂ ಬಿಟ್ಟಿಲ್ಲ ನೋಡ್ರಿ."

ನೋಡಿದೆ. ಜ್ವಾಳದಷ್ಟಿದ್ದೂವು, ಗುಲಗಂಜಿಯಷ್ಟಿದ್ದೂವು, ಎಲ್ಲಾ ತುಂಬಿ ಕನ್ನಡಿ ಹಂಗ ತಿಕ್ಕಿಟ್ಟಾನ. ಅವು ಭೋಕು ಅಲ್ಲೋ, ಚಂದ್ರನ ಮ್ಯಾಲೆ ಖರೇನ ಇರೂ ತಗ್ಗು ಅಂದೆ. ಆಂವ ಪೀಸ್ ನೋಡಿದ, ನನ್ನ ನೋಡಿದ. "ಮಗ ಚಂದ್ರಾಚಂ ಕಾಸ್ಟಿಂಗಚ ಖರಾಬ," ಅಂದ. ಹಂಗಾದ್ರ ಚಂದ್ರನ ಎರಕಾನ ಕೆಟ್ಟೈತಿ ಅಂದಂಗಾತು, ವಿಕಾಸ ಏನ ಮಾಡಬೇಕು. ಬೈಯಾಕ ಹೋದಾವ ನಾನೂ ನಕ್ಕೆ.

ಆಮ್ಯಾಲೆ ಒಂದ ದಿನ ಬರೀ ಅದಕ್ಕಂತ ಸಣ್ಣ ಉಸುಕ ಸಾಣಿಸಿ ಎರಡ ಪೀಸ್ ಎರದೇವಿ. ಅದರಾಗ ಚಲೋದು ಆರಿಸಿ ಕಳಸೇನಿ. ಇಚಲಕರಂಜಿ-ಕೊಲ್ಲಾಪುರ ರಸ್ತೆ ಮ್ಯಾಲೆ ದಿನಾ ತಿರಗಾಡತೇನಿ. ಮನ್ನೆ ಹೊಂಟಾಗ, ಇಷ್ಟ ಅಗಲದ್ದು ಒಂದ ತಗ್ಗು ಅಂತ ಅನಿಸಿ ಗಾಡಿ ಸಾವಕಾಶ ಹೊಡದೆ.

ಮಕ್ಕಳು ಆರಾಮ. ಎಡವತಾರೇನು ಅಂತ ಯಾಕ ಕೇಳಿದಿ ತಿಳೀಲಿಲ್ಲ.

ಕಾಂಚನಾಗ ಈ ಕೆಲಸದ ಸುದ್ದಿ ಹೇಳೇನಿ. ಅಮೋಲನ ಲಗ್ನದಾಗ ಆದದ್ದು ನನ್ನ ಹೆಂಡತಿ ಮರತಿಲ್ಲ. ಕಾಕಾನ ಮಗನ ಲಗ್ನ, ಇಚಲಕರಂಜಿದಾಗ ಮಂಗಲ ಕಾರ್ಯಾಲಯದ ಬಾಗಲಾ, ಬೀಗರು ಪಾಹುಣ್ಯಾರೆಲ್ಲಾ ನಿಂತಾರ. ಮನಿ ಸೊಸಿ ನಿನಗಂತ ಆರತಿ ತಾಟ ಹಿಡದ ಬಂದ್ರ ಮೊಳಕೈಲೆ ಹೊಡದ ಕೆಡವಿದಿ, ತಿರುಗಿ ನೋಡದ ಒಳಗ ಹೋದಿ. ನಾ ಎಲ್ಲಾರ ಮುಂದ ಬೈದೆ, ನೀ ಮರದಿನ ಮುಂಜಾನೆ ಹೇಳದ ಕೇಳದ ಪುಣೆಗೆ ಹೋದಿ. ಬರೀಬಾರದು ಅಂತಿದ್ದೆ. ಬರದೆ.

ಕೇದಾರ


ಪುಣೆ
10 ನವೆಂಬರ್ 2025

ಕೇದಾರ,

ಮಾಲ ಬಂತು. ಆಫೀಸಿನ್ಯಾಗ ನನ್ನ ಟೇಬಲ್ ಮ್ಯಾಲೆ ಇಟ್ಟಾರ. ಒಂದ ವಾರ ದಿನಾಲೂ ಅದರ ಮುಂದ ಕುಂತೆ. ಭಾಳ ಚಲೋ ಆಗೇತಿ. ಗೋಡಿ ಹಂತ ಒಂದೊಂದೂ ಬ್ಯಾರೆ ಬ್ಯಾರೆ ಸಿಗತಾವ. ಮೂಡಲ ಕುಸತದ ಅಂಚಿಗೆ ಬಟ್ಟ ಇಟ್ರ ಎಲ್ಲಿ ಮಣ್ಣು ನಿಂತೈತಿ, ಎಲ್ಲಿಂದ ಬಂಡಿ ಉರಳ್ಯಾವ ತಿಳೀತೈತಿ. ಉಸುಕಿನ ಎರಕದ ಸ್ವಲ್ಪ ಒರಟ ಮೈ ಚಂದ್ರನ ಧೂಳಿಗೆ ಒಪ್ಪೇತಿ. ಜಯಪಾಲಗೂ ವಿಕಾಸಗೂ ಹೇಳು.

ಒಂದ ಚೂಕ ಐತಿ. ನಡುವಿನ ಗುಡ್ಡದ ಬುಡಕ್ಕ ಒಂದ ಭೋಕು ಐತಿ, ಅದು ಚಂದ್ರನ ಮ್ಯಾಲೆ ಇಲ್ಲ. ಅದರ ತುಟಿ ಹರಿತ, ಒಳಗ ಬಗ್ಗಿ ಹೋಗೇತಿ. ಚಂದ್ರನ ತಗ್ಗಿಗೆ ಅಂಥಾ ತುಟಿ ಇರಂಗಿಲ್ಲ. ಅದು ನಿಮ್ಮ ಗಾಳಿ. ಅಡ್ಡಿಯಿಲ್ಲ, ಅದೊಂದು ನನಗ ಗೊತ್ತಿರತೈತಿ. ಸಮಿತಿ ಮುಂದ ಇದನ್ನ ಹಿಂಗ ಇದ್ದಂಗ ಇಡತೇನಿ.

ಲಗ್ನದ ವಿಷಯ ಬರದದ್ದು ತಿಳೀತು. ಅದಕ್ಕ ಉತ್ತರ ಈ ಪತ್ರದಾಗ ಬ್ಯಾಡ.

ಅವ್ವ ಥಂಡಿದಾಗ ಮುಂಜಾನೆ ಹೊಳಿ ದಂಡಿಗೆ ಹೋಗೂದು ಬಿಟ್ಟಾಳೋ ಇಲ್ಲೋ ಬರಿ.

ರುತುಜಾ
(ಬರದಾಕಿ: ಶುಭಾಂಗಿ)


ಗೋಕುಳ ಶಿರಗಾಂವ
17 ನವೆಂಬರ್ 2025

ಶುಭಾಂಗಿ ಅವರಿಗೆ,

ನಾ ನಿಮ್ಮನ್ನ ನೋಡಿಲ್ಲ. ನಮ್ಮ ಅಕ್ಕನ ಪತ್ರದ ಕೆಳಗ ನಿಮ್ಮ ಹೆಸರು ಇರತೈತಿ, ಅಷ್ಟ ಗೊತ್ತು. ಈ ಪತ್ರ ನೀವೊಬ್ಬರ ಓದ್ರಿ.

ಎರಡ ಪೀಸಿನ್ಯಾಗ ಒಂದ ಚಲೋದು, ಒಂದ ಕೆಟ್ಟದ್ದು. ಕೆಟ್ಟದ್ದರ ಮ್ಯಾಲೆ ನಾನ ಕೆಂಪ ಸ್ಪ್ರೇ ಹೊಡದು ಈ ಅಂಚಿನಿಂದ ಆ ಅಂಚಿಗೆ ಅಡ್ಡ ಗೆರಿ ಎಳದು ಕಾಟ ಹಾಕಿ, ನಡುವ ರಿಜೆಕ್ಟ್ ಅಂತ ದೊಡ್ಡದಾಗಿ ಬರದಿದ್ದೆ. ಮನ್ನೆ ನೋಡಿದ್ರ ಚಲೋ ಪೀಸ್ ನಮ್ಮ ಗೋದಾಮಿನ್ಯಾಗ ಐತಿ. ಲಾರಿಗೆ ಹಾಕವರು ಕೆಟ್ಟದ್ದನ್ನ ಪ್ಯಾಕ್ ಮಾಡಿ ಕಳಿಸ್ಯಾರ. ಗುಡ್ಡದ ಬುಡಕ್ಕ ಭೋಕು ಇದ್ದದ್ದು ಅದಕ್ಕ.

ನಮ್ಮ ಅಕ್ಕ ಒಂದ ವಾರ ಅದರ ಮುಂದ ಕುಂತೆ ಅಂತ ಬರಸ್ಯಾಳ. ಸೂಜಿ ಮೊನಿಯಷ್ಟ ಭೋಕಿನ ತುಟಿ ಹೆಂಗೈತಿ ಅಂತ ಬರಸ್ಯಾಳ. ಕೆಂಪ ಬಣ್ಣದ ಬಗ್ಗೆ ಒಂದ ಅಕ್ಷರ ಇಲ್ಲ. ಆ ಬಣ್ಣ ಕಾರಖಾನಿ ಗೇಟಿನಿಂದ ಕಾಣತಿತ್ತು.

ನಾ ಆ ಪತ್ರ ಹತ್ತ ಸಲ ಓದೇನಿ. ಬಣ್ಣದ ಉಪಯೋಗ ಇಲ್ಲ ಅಂದಿದ್ದಳು. ಮಕ್ಕಳು ಎಡವತಾರೇನು ಅಂದಿದ್ದಳು. ಅಕಿಗೆ ಎಷ್ಟ ಕಾಣತೈತಿ? ನನಗ ಖರೆ ಹೇಳ್ರಿ.

ಕೇದಾರ


ಪುಣೆ
25 ನವೆಂಬರ್ 2025

ಕೇದಾರ ಅಣ್ಣಾರಿಗೆ,

ಒಬ್ಬಾಕಿನ ಓದು ಅಂದಿದ್ರಿ. ಓದಿನಿ. ಆಮ್ಯಾಲೆ ಮೇಡಂಗೂ ಓದಿ ಹೇಳೀನಿ. ಅವರಿಗೆ ಬಂದ ಟಪಾಲು ನಾ ಬಚ್ಚಿಟ್ರ ನಾಳೆ ನಾ ಓದಿದ್ದು ಪೂರಾ ಐತಿ ಅಂತ ಅವರು ಹೆಂಗ ನಂಬಬೇಕ್ರಿ?

ಅವರು "ಕೆಂಪಾ? ಅಂಚಿನಿಂದ ಅಂಚಿಗಾ?" ಅಂತ ಎರಡ ಸಲ ಕೇಳಿದ್ರು. ಚಹಾ ಆರಿ ಹೋತು, ಕುಡೀಲಿಲ್ಲ. ಆಮ್ಯಾಲೆ, "ನೀನ ಬರಿ ಶುಭಾಂಗಿ, ಎಲ್ಲಾ ಬರಿ. ನಾ ಹೇಳಾಕ ಕುಂತ್ರ ನಡುವ ನಿಂದರತೇನಿ," ಅಂದ್ರು. ಹಂಗಾಗಿ ಇದು ಅವರ ಒಪ್ಪಿಗಿ ಮ್ಯಾಲೆ ಬರದದ್ದು.

ಕಣ್ಣಿನ ಹಿಂದ ಪರದೆ ಇರತೈತಲ್ರಿ, ಅದು ಅಂಚಿನಿಂದ ಒಣಕೋತ ಬರೂ ರೋಗ. ಮದಲ ಹೊತ್ತ ಮುಣಗಿದ ಮ್ಯಾಲೆ ಕಾಣಂಗಿಲ್ಲ. ಆಮ್ಯಾಲೆ ಆಜೂಬಾಜೂ ಕಾಣಂಗಿಲ್ಲ. ಬಳಿಯೊಳಗಿಂದ ನೋಡಿದಂಗ, ಆಮ್ಯಾಲೆ ಉಂಗರದೊಳಗಿಂದ ನೋಡಿದಂಗ. ಈ ವರ್ಷ ಮಳಿಗಾಲದ ಹೊತ್ತಿಗೆ ಉಂಗರಾನೂ ಹೋತು. ಈಗ ಬೆಳಕೈತಿ, ಕತ್ತಲೈತಿ ಅನ್ನೂದಷ್ಟ ತಿಳೀತೈತಿ. ಔಷಧ ಇಲ್ಲ. ಕಣ್ಣಿಗೆ ತ್ರಾಸ ಐತಿ ಅನ್ನೂದು ಆಫೀಸಿನ್ಯಾಗ ಗೊತ್ತು, ಎಷ್ಟ ಅನ್ನೂದು ಅವರು ಯಾರಿಗೂ ಹೇಳಿಲ್ಲ. ಕಂಪ್ಯೂಟರ್ ಓದಿ ಹೇಳತೈತಿ, ಅದರ ಮ್ಯಾಲೆ ಕೆಲಸ ನಡಸ್ಯಾರ. ಫೋಟೋ ಮಾತ್ರ ಓದಿ ಹೇಳಾಕ ಬರಂಗಿಲ್ಲ. ಅದಕ್ಕ ಈ ಎರಕ.

ಕೆಂಪ ಬಣ್ಣದ ಮಾತ. ಮಾಲ ಆಫೀಸಿಗೆ ಹೋಗಿತ್ತು, ನಾ ನೋಡಿರಲಿಲ್ಲ. ಅಲ್ಲಿ ಎಲ್ಲಾರಿಗೂ ಕಂಡೈತಿ. ಮೇಡಂಗೂ ಕಾಣತಿರಬೇಕು, ಏನರ ಕಾರಣ ಇದ್ದೀತು ಅಂತ ಕೆಲವರು ಸುಮ್ಮನಾಗ್ಯಾರ. ಕಾಣಂಗಿಲ್ಲ ಅಂತ ತಿಳದವರು ಹೇಳಾಕ ಅಂಜ್ಯಾರ. ನಾ ಮರದಿನ ಸ್ಪಿರಿಟ್ ಬಾಟ್ಲಿ ತಗೊಂಡು ಹೋಗಿ ಒರಸಿ ಬಂದೆ. ಪೂರಾ ಹೋಗಿಲ್ರಿ. ನೀವು ಬರೀದಿದ್ರ ಅದನ್ನ ಸಮಿತಿ ಮುಂದ ಹಂಗ ಇಟ್ಟಬಿಡತಿದ್ರು.

ಲಗ್ನದ ಮಾತ. ಅದೇ ವಾರ ಡಾಕ್ಟರ್ ಅವರಿಗೆ ರೋಗದ ಹೆಸರು ಹೇಳಿದ್ರಂತ. ಬಿಸಲಾಗಿಂದ ಕಾರ್ಯಾಲಯದ ಬಾಗಲದೊಳಗ ಕಾಲಿಟ್ಟಾಗ ಏನೂ ಕಾಣಲಿಲ್ಲಂತ. ತಾಟ ಬಾಜೂಕಿಂದ ಬಂದೈತಿ. ಏನೋ ಬಿದ್ದ ಸಪ್ಪಳ ಕೇಳಿತು, ಯಾರದು, ಏನು ತಿಳೀಲಿಲ್ಲ. ನೀವು ಬೈದಾಗ ಆರತಿ ತಾಟ ಅಂತ ಗೊತ್ತಾತಂತ. ಆಗ ಯಾಕ ಹೇಳಲಿಲ್ರಿ ಅಂತ ನಾನೂ ಕೇಳಿನಿ. ಇದು ರಕ್ತದಾಗ ಬರೂ ರೋಗ, ಹೇಳಬೇಕಂದ್ರ ಕೇದಾರನ ಮಕ್ಕಳ ಮಾತೂ ಹೇಳಬೇಕಾಗತಿತ್ತು, ಅವನ ಅಂಗಿ ಹಿಡಕೊಂಡು ಆ ಸಣ್ಣ ಹುಡುಗಿ ಅಲ್ಲೇ ನಿಂತಿತ್ತು ಅಂದ್ರು.

ಈಗೂ ಬರಸಿದ್ದು ಅದನ್ನ ಹೇಳಾಕ್ರಿ. ಎರಕ ಬೇಕಾಗಿತ್ತು, ಅದು ಖರೆ. ಆದ್ರ ಆಗಸ್ಟ್‌ದಾಗ ಮದಲನೇ ಪತ್ರಕ್ಕ ಕುಂತಾಗ ಮಕ್ಕಳ ಕಣ್ಣಿನ ಮಾತಿಂದ ಸುರು ಮಾಡಿದ್ರು. ಬರಸೋದು, ಹರಿ ಅನ್ನೋದು. ಕಡೀಗೆ ಕಾರಖಾನಿಗೆ ಬರಿ ಅಂದ್ರು.

ದಯಮಾಡಿ ನಿಮ್ಮವೂ ಮಕ್ಕಳವೂ ಕಣ್ಣ ತೋರಸ್ರಿ.

ನಿಮ್ಮ ತಂಗಿಯಂಥಾಕಿ,
ಶುಭಾಂಗಿ


ಯಡ್ರಾವ
5 ಡಿಸೆಂಬರ್ 2025

ರುತುಜಾ ಅಕ್ಕಾರಿಗೆ,

ನಾ ಕಾಂಚನ. ತವರಮನಿಗೆ ಬಂದಿದ್ದೆ. ಇವರು ಶುಭಾಂಗಿ ಪತ್ರ ತಗೊಂಡು ಇಲ್ಲೀತನಕ ಬಂದ್ರು. ಮಗ್ಗದ ಸಪ್ಪಳದಾಗ ಓದಿ ಹೇಳಾಕ ಆಗಲಿಲ್ಲ, ಕೈಯಾಗ ಕೊಟ್ಟು ಬಾಗಲದಾಗ ನಿಂತ್ರು.

ಆ ದಿನ ನನ್ನ ಸೀರಿ ಮ್ಯಾಲೆ ಎಣ್ಣಿ ಬಿತ್ತು, ಕುಂಕುಮ ಬಿತ್ತು. ಮಂದಿ ಕೇಳಿದ್ರು, ಏನಾತು, ನಾದಿನಿ ಮಾತಾಡಸೂದಿಲ್ಲೇನು ಅಂತ. ಅದನ್ನ ನಾ ಇಷ್ಟ ವರ್ಷ ಹಿಡಕೊಂಡಿದ್ದೆ. ಈಗ ಬಿಟ್ಟೇನಿ. ನಿಮಗ ಕಾಣದ ಆದದ್ದು, ಅದರಾಗ ಹಿಡಕೊಳ್ಳೂದೇನೂ ಉಳೀಲಿಲ್ಲ.

ಇನ್ನೊಂದು ಬಿಡಾಕ ಆಗವಲ್ದು. ಚಂದ್ರನ ತಗ್ಗು ಎಷ್ಟ ಅಗಲ, ಗೋಡಿ ಹೆಂಗ ಇಳದೈತಿ, ಕಾಳಿನಷ್ಟು ಯಾವ್ಯಾವು ಅದಾವ, ಎಲ್ಲಾ ಬರಸಿದ್ರಿ. ನನ್ನ ಮಕ್ಕಳ ಕಣ್ಣಿನ ಸುದ್ದಿ ಕಡೀಗೆ ಬಂತು, ಅದೂ ಮತ್ತೊಬ್ಬರ ಕೈಲೆ. ಮಗಳು ಎರಡ ವರ್ಷದ ಹಿಂದ ಸೈಕಲ್ ಮ್ಯಾಲಿಂದ ಬಿದ್ದಿದ್ದಳು. ಎಲ್ಲಾ ಮಕ್ಕಳೂ ಬೀಳತಾವ ಅಂತ ಬಿಟ್ಟಿದ್ದೆ. ಈಗ ಎರಡ ದಿನದಿಂದ ಅಕಿ ನಡಿಯೂದ ನೋಡಕೋತ ಕುಂತೇನಿ. ಹೇಳಾಕ ನಿಮಗ ತ್ರಾಸ ಆಗಿತ್ತು, ಒಪ್ಪತೇನಿ. ನಾನೂ ತಾಯಿ ಅದೇನಿ, ನನಗ ಗೊತ್ತಿರಬೇಕಾಗಿತ್ತು.

ಕೊಲ್ಲಾಪುರದಾಗ ಕಣ್ಣಿನ ಡಾಕ್ಟರ್ ಕಡೆ ನಂಬರ್ ಹಚ್ಚೇವಿ. ಏನ ಬಂದ್ರೂ ನಾ ಪುಣೆಗೆ ಬರಾಕಿ. ನಿಮ್ಮ ಸಂಗಾಟ ಜಗಳಾ ಆಡೂದೈತಿ. ಪತ್ರದಾಗ ಆಡಿದ್ರ ನೀವು ಶುಭಾಂಗಿ ದನಿಯಾಗ ಬೈಸ್ಕೋಬೇಕು, ಪಾಪ ಆ ಹುಡುಗಿದೇನ ತಪ್ಪು.

ಚಪಾತಿ ತಿನ್ನತೀರೋ, ಭಕ್ಕರಿ ಕಟಗೊಂಡು ಬರಲೋ, ಮುಂದಾಗಿ ತಿಳಸ್ರಿ.

ಕಾಂಚನ


ಕೊಲ್ಲಾಪುರ
16 ಡಿಸೆಂಬರ್ 2025

ರುತಕ್ಕಾ,

ಡಾಕ್ಟರ್ ಕಡಿಂದ ಹೊರಗ ಬಂದು ಇಲ್ಲೇ ಎಸ್‌ಟಿ ಬಸ್ ಸ್ಟ್ಯಾಂಡಿನ್ಯಾಗ ಕುಂತೇವಿ. ನಾ ಹೇಳತೇನಿ, ಮಗಳು ಬರೀತಾಳ. ಅಕಿ ಕನ್ನಡ ಸ್ವಲ್ಪ ಕಚ್ಚಾ ಐತಿ, ಶುಭಾಂಗಿ ತಿದ್ದಿ ಓದಲಿ.

ನನಗ ಏನೂ ಇಲ್ಲ. ಮಗಗೂ ಇಲ್ಲ. ಮಗಳದು ಡಾಕ್ಟರ್ ಒಮ್ಮೆ ನೋಡಿ ಮತ್ತೊಮ್ಮೆ ಒಳಗ ಕರದ್ರು. ಹೊರಗ ಬಂದು, ಇಲ್ಲ, ಪರದೆ ಚಲೋ ಐತಿ, ವರ್ಷಕ್ಕೊಮ್ಮೆ ತೋರಸ್ರಿ ಅಂದ್ರು.

ಮಕ್ಕಳದು ಮಷೀನ್ ಮ್ಯಾಲೆನ ನೋಡಿದ್ರು, ನನ್ನ ಕಣ್ಣಾಗ ಅಷ್ಟ ಔಷಧ ಹಾಕಿದ್ರು. ಸಂಜಿತನಕ ನನಗ ಎಲ್ಲಾ ಮಸಕ. ಎಸ್‌ಟಿ ಬೋರ್ಡ್ ಓದಾಕ ಬರಲಿಲ್ಲ. ರಸ್ತೆ ದಾಟಾಕ ಮಗಳ ಕೈ ಹಿಡಿಬೇಕಾತು, ಅಕಿ ಜಗ್ಗಿದ ಕಡೆ ಹೋದೆ. ಇಷ್ಟ ಬರಸ್ತೇನಿ, ಹೆಚ್ಚ ಬರಸಾಕ ಬರವಲ್ದು.

ಚಲೋ ಪೀಸ್ ಲಾರಿಗೆ ಹಾಕಂಗಿಲ್ಲ. ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಐತವಾರ ಬರತೇವಿ.

ಕೇದಾರ


ಪುಣೆ
24 ಫೆಬ್ರುವರಿ 2026

ಕಾಂಚನಾ, ಕೇದಾರ,

ಸಮಿತಿ ಬಂದು ಹೋತು. ಆದದ್ದು ಆದಂಗ ಹೇಳತೇನಿ.

ಅವರು ಬರೂಕಿಂತ ಮದಲ ನಾನ ನಿರ್ದೇಶಕರ ಕಡೆ ಹೋಗಿ ಕಣ್ಣಿನ ಸ್ಥಿತಿ ಹೇಳಿದೆ. ಅವರು, ಅಂದಾಜಿತ್ತು ಅಂದ್ರು. ಅಂದಾಜಿದ್ದೂ ಯಾಕ ಕೇಳಲಿಲ್ಲ ಅಂತ ನಾನೂ ಕೇಳಲಿಲ್ಲ. ಸಮಿತಿ ಮುಂದ ನನ್ನ ಸಹೋದ್ಯೋಗಿ ಕುಂಥುನಾಥ ಫೋಟೋ ತೋರಿಸಿದ, ನಾ ನಿಮ್ಮ ಎರಕದ ಮ್ಯಾಲೆ ಕೈ ಇಟ್ಟು ವಿವರ ಹೇಳಿದೆ. ಒಬ್ಬ ಹಿರ್‍ಯಾರು ಎದ್ದು ಬಂದು ತಾವೂ ಕೈ ಆಡಿಸಿದ್ರಂತ. ಇನ್ನೊಬ್ಬರು, ಎರಕದಾಗ ಇಲ್ಲದ್ದು ಫೋಟೋದಾಗ ಇದ್ರ ನಿಮಗ ಹೆಂಗ ತಿಳೀತೈತಿ ಅಂತ ಕೇಳಿದ್ರು. ತಿಳಿಯಂಗಿಲ್ಲ ಅಂದೆ. ಅದು ಖರೆ ಪ್ರಶ್ನೆ.

ನಿರ್ಣಯ ಹಿಂಗಾತು. ಗುಂಪಿನ ಮುಖ್ಯಸ್ಥ ಇನ್ನ ಕುಂಥುನಾಥ. ತಗ್ಗಿನ ಕೆಲಸದಾಗ ನಾನೂ ಇರತೇನಿ. ಫೋಟೋ ನೋಡಿ ಹೇಳಾಕ ಒಬ್ಬರನ್ನ ಕೊಡತಾರ. ಹತ್ತಿರದ ಇನ್ನೆರಡ ತಗ್ಗಿಂದೂ ಎರಕ ಮಾಡಸ್ರಿ ಅಂದಾರ. ಮುಖ್ಯಸ್ಥ ಜಾಗಾ ಹೋಗಿದ್ದಕ್ಕ ಎರಡ ದಿನ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು.

ನೀವು ಬಂದು ಹೋದಾಗಿಂದ ಅಡಗಿಮನ್ಯಾಗ ಡಬ್ಬಿ ಎಲ್ಲಾ ಕಾಂಚನಾ ಇಟ್ಟಂಗ ಅದಾವ. ಅಕಿ ಅವತ್ತ ಬರದಂಗ ಜಗಳಾ ಆಡಿದಳು. ಆದ್ರೂ ಅಕಿ ಹೋಗೂವಾಗ ನನ್ನ ಹೆರಳ ಹಾಕಿ ಹೋದಳು.

ಹೋಳಿ ಆದ ಮ್ಯಾಲೆ ಶುಭಾಂಗಿಗೆ ಸೂಟಿ ಐತಿ, ಊರಿಗೆ ಹೊಂಟಾಳ. ಅಕಿ ಸಂಗಾಟ ನಾನೂ ಗಡಹಿಂಗ್ಲಜಕ್ಕ ಬರತೇನಿ. ಅದಕ್ಕಿಂತ ಮದಲ ಅವ್ವಗ ತಿಳೀಬೇಕು. ಫೋನಿನ್ಯಾಗ ಹೇಳಿದ್ರ ಅಕಿಗೆ ಕೇಳಂಗಿಲ್ಲ, ಒದರಿ ಹೇಳೂ ಮಾತೂ ಅಲ್ಲ. ಕಾಂಚನಾ, ಕೆಳಗಿಂದು ಅಕಿ ಕಿವಿ ಹತ್ರ ಕುಂತು ಸಾವಕಾಶ ಓದಿ ಹೇಳು.

ಅವ್ವಾ, ನನ್ನ ಎರಡೂ ಕಣ್ಣ ಹೋಗ್ಯಾವ. ಒಮ್ಮೆಲೆ ಹೋಗಿಲ್ಲ, ಸಾವಕಾಶ ಹೋಗ್ಯಾವ. ನೋವಿಲ್ಲ. ನೌಕರಿ ಐತಿ. ಅಡಗಿ ನಾನ ಮಾಡಕೋತೇನಿ. ನಿನ್ನಿಂದ ಬಚ್ಚಿಟ್ಟಿದ್ದೆ, ಇನ್ನ ಬಚ್ಚಿಡೂದಿಲ್ಲ. ಬಂದಾಗ ನಿನ್ನ ಮಾರಿ ನನಗ ಕಾಣಂಗಿಲ್ಲ. ಅದನ್ನ ಬಾಗಲದಾಗ ನಿಂತು ಹೇಳಾಕ ನನ್ನಿಂದ ಆಗಂಗಿಲ್ಲ, ಅದಕ್ಕ ಮದಲ ಬರಸೇನಿ.

ರುತುಜಾ
(ಬರದಾಕಿ: ಶುಭಾಂಗಿ)


ಗಡಹಿಂಗ್ಲಜ
7 ಮಾರ್ಚ್ 2026

ಮಗಳ ರುತುಜಾಗ ಅವ್ವ ಬಾಳಕ್ಕ ಹೇಳಿ ಬರಸೂದು,

ಕಾಂಚನಾ ಓದಿ ಹೇಳಿದಳು. ನಾ ಎಲ್ಲಾ ಕೇಳಿದೆ. ಈಗ ಹೇಳತೇನಿ.

ನೀ ಬಿಟ್ಟ ಹೋದ ಮನಿ ಈಗ ಹಂಗಿಲ್ಲ. ಅದಕ್ಕ ತಿಳಕೊಂಡ ಬಾ. ಎಸ್‌ಟಿ ಸ್ಟ್ಯಾಂಡ್ ಮುಂದಿನ ರಸ್ತೆ ಅಗದಾರ, ಕೇದಾರ ಗಾಡಿ ತರತಾನ, ನಡಕೊಂಡ ಬರೂ ಹಟಾ ಮಾಡಬ್ಯಾಡ. ಅಂಗಳದಾಗ ಕಲ್ಲ ತಗದು ನುಣ್ಣನ ಫರ್ಸಿ ಹಾಕೇವಿ, ನೀರ ಬಿದ್ರ ಜಾರತೈತಿ. ನೀ ಬರೂ ಮುಂದ ಯಾರೂ ಭಾಂಡಿ ತೊಳಿಯಂಗಿಲ್ಲ ಅಂತ ಹೇಳೇನಿ. ಎಮ್ಮಿ ಈಗ ಎಡಕ್ಕ ಕಟ್ಟತೇವಿ. ಅದು ಹೊಸಾ ಎಮ್ಮಿ, ಮೂಗಿಲೆ ತಿವೀತೈತಿ, ಅಂಜಬ್ಯಾಡ. ಪಡಸಾಲಿ ನಡುವಿನ ಕಂಬ ಹಳೇ ಜಾಗಾದಾಗ ಐತಿ. ಮಲಗೂ ಕಾಟ ಹಿಂದಿನ ಖೋಲಿಗೆ ಹೋಗೇತಿ, ಬೆಲ್ಲದ ವ್ಯಾಪಾರ ಮುಂದಿನ ಅಂಗಡ್ಯಾಗ ನಡೀತೈತಿ, ವಾಸನಿ ಮ್ಯಾಲೆ ನಿನಗ ತಿಳೀತೈತಿ.

ನೆರಿಮನಿ ಹೀರಾಬಾಯಿ ಬಂದು ಅಳಾಕ ಕುಂತಳು. ನಿನ್ನ ಮನಿಗೆ ಹೋಗಿ ಅಳು ಅಂದೆ. ನೀ ಬಂದಾಗ ಇಂಥಾವರು ಬರತಾರ, ಕುಂಡರಸ್ಕೋಬ್ಯಾಡ.

ನನಗ ಕಿವಿ ಕೇಳಂಗಿಲ್ಲ, ನಿನಗ ಕಣ್ಣ ಕಾಣಂಗಿಲ್ಲ. ಇಬ್ಬರೂ ಮಾತಾಡಬೇಕಂದ್ರ ನಡುವ ಕಾಂಚನಾ ಕುಂಡರಬೇಕು. ಅಕಿಗೆ ಕೆಲಸ ಹೆಚ್ಚಾತು ಅಂತ ಈಗ ನಗಾಕತ್ತಾಳ. ನನ್ನ ಮಾರಿ ಕಾಣಂಗಿಲ್ಲ ಅಂತ ಬರಸೀದಿ. ಹಲ್ಲ ಬಿದ್ದ ಮಾರಿ, ಅದರಾಗ ನೋಡೂದೇನೂ ಉಳದಿಲ್ಲ. ಕೈ ಹಚ್ಚಿ ನೋಡು.

ನಿನ್ನೆ ಎಲ್ಲಾರೂ ಹೊರಗ ಹೋದಾಗ ನಾ ಸೆರಗಿಲೆ ಕಣ್ಣ ಕಟಗೊಂಡು ಮನಿತುಂಬ ತಿರಗಿ ನೋಡಿದೆ. ಮೆಟ್ಟಲಾ ಕಾಲಿಗೆ ಗೊತ್ತಿರತಾವ, ಕಂಬ ಕೈಗೆ ಸಿಗತೈತಿ. ಪೂರಾ ಹಾಕಿದ ಬಾಗಲಾ ಕೈಗೆ ತಿಳೀತೈತಿ, ಪೂರಾ ತೆರದ ಬಾಗಲಾ ದಾಟಾಕ ಬರತೈತಿ. ಅಡಗಿಮನಿ ಬಾಗಲಾ ಅರ್ಧ ತೆರದಿತ್ತು. ಚಾಚಿದ ಎರಡೂ ಕೈ ನಡುವ ಅದರ ಅಂಚು ಬಂದು ನನ್ನ ಹಣಿಗೆ ಬಡೀತು. ಇನ್ನೂ ಬಾತೈತಿ, ಕಾಂಚನಾ ಅರಿಷಿಣ ಹಚ್ಯಾಳ. ಆಗಿಂದ ಎಲ್ಲಾರಿಗೂ ತಾಕೀತ ಮಾಡೇನಿ. ಈ ಮನ್ಯಾಗ ಇನ್ನಮ್ಯಾಲೆ ಬಾಗಲಾ ಹಾಕಿದ್ರ ಪೂರಾ ಹಾಕಬೇಕು, ತೆರದ್ರ ಗ್ವಾಡಿಗೆ ಹತ್ತೂತನಕ ಪೂರಾ ತೆರೀಬೇಕು. ನಡುವ ನಿಂದರಸಬಾರದು.

ನಿಮ್ಮವ್ವ,
ಬಾಳಕ್ಕ
(ಬರದಾಕಿ: ಕಾಂಚನ)